ಟೇಪಿನೊಳಗೆ ಪ್ರಿನ್ಸಿಪಾಲರು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಆ ಶಿಬಿರದಲ್ಲಿ ನಾನು ಮಾಡಿದಷ್ಟು ದಡ್ಡ ಕೆಲಸವನ್ನು, ನನ್ನ ಕೈಯಲ್ಲಿ ನಪಾಸಾದ ಯಾವ ಹುಡುಗನೂ ಮಾಡಿರಲಿಕ್ಕಿಲ್ಲ. ಇದರಲ್ಲಿ ತಪ್ಪೆಲ್ಲ ನನ್ನ ಗಂಟಲಿನದು. ಯಾರದೇ ದನಿ ಕಿವಿಗೆ ಬೀಳಲಿ, ಸಂಜೆಯೊಳಗೆ ಅದು ನನ್ನ ಬಾಯಿಂದ ಹೊರಗೆ ಬರುತ್ತದೆ. ಅವ್ವನ ದನಿಯಲ್ಲಿ ಅಪ್ಪನನ್ನು ಊಟಕ್ಕೆ ಕರೆದು, ಇನ್ನೂ ರೊಟ್ಟಿ ಬಡಿಯುತ್ತಿದ್ದ ಅವ್ವನಿಂದಲೂ ಕೈತೊಳೆದು ಬಂದು ಕೂತ ಅಪ್ಪನಿಂದಲೂ ಬೈಸಿಕೊಂಡವನು ನಾನು. ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕಂಟ್ರೋಲರ್ ಸಾಹೇಬರ ದನಿಯಲ್ಲಿ ಹಿರೇಕೆರೂರಿನ ಬಸ್ಸು ಬಂತೆಂದು ಕೂಗಿ, ಬೀಗರ ಗುಂಪೊಂದನ್ನು ಗಂಟುಮೂಟೆ ಸಮೇತ ಎಬ್ಬಿಸಿ ನಿಲ್ಲಿಸಿದ್ದೂ ಉಂಟು. ಇಂಥ ಗಂಟಲನ್ನು ಇಟ್ಟುಕೊಂಡು ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನಾದೆ.

ಅಲ್ಲಿ ನನ್ನ ಗಂಟಲಿಗೆ ಹಬ್ಬವೆಂದರೆ ನಮ್ಮ ಪ್ರಿನ್ಸಿಪಾಲರು. ಅವರೂ ಅರ್ಥಶಾಸ್ತ್ರದವರೇ. ವಾಕ್ಯದ ನಡುವೆ ಗಕ್ಕನೆ ನಿಲ್ಲುವರು, ಡಬ್ಬಿಯಿಂದ ಒಂದು ಚಿಟಿಕೆ ತಪಕೀರು ತೆಗೆದು ಮೂಗಿಗೇರಿಸುವರು, ಕಣ್ಣು ಮುಚ್ಚಿ, ಸೀನು ಬರುವುದೋ ಬಾರದೋ ಎಂದು ಕ್ಲಾಸಿಗೆ ಕ್ಲಾಸೇ ಕಾಯುತ್ತಿರುವಾಗ "ಅಂದ ಮ್ಯಾಲ..." ಎಂದು ಮೂಗಿನಲ್ಲೇ ಮುಂದುವರಿಯುವರು. ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಮಾಡಿ ತೋರಿಸಿದರೆ ಇತಿಹಾಸದ ಹಿರೇಮಠ ಸರ್ ಮೊದಲು ಬಾಗಿಲು ಹಾಕಿ ಬಂದು, ಆಮೇಲೆ ನಗುತ್ತಿದ್ದರು. ಅವರದು ಯಾವಾಗಲೂ ಹಾಗೆಯೇ. ನಗುವುದಿದ್ದರೂ ಮುಂದಾಲೋಚನೆ ಮಾಡಿ ನಗುವರು.

ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಕಾಲೇಜು ಅಧ್ಯಾಪಕರಿಗೆ ಸವಣೂರಿನಲ್ಲಿ ಬೋಧನಾ ಕೌಶಲದ ಶಿಬಿರವಿದೆ, ನೀವಿಬ್ಬರೂ ಹೋಗಬೇಕು ಎಂದು ಹಿರೇಮಠ ಸರ್‌ಗೂ ನನಗೂ ಹುಕುಂ ಬಂತು. ಕುರುಕಲು ತಿಂಡಿಗೆ ಹೆಸರಾದ ಊರದು, ನಾನು ಸವಣೂರಿನ ಖಾರಾದ ಕನಸು ಕಾಣತೊಡಗಿದ್ದೆ. ಹಿರೇಮಠ ಸರ್ ಮಾತ್ರ ನನ್ನನ್ನು ಮೂಲೆಗೆ ಕರೆದು ಕೇಳಿದರು: "ಹೊಲಾ ಚಲೋ ಊಳೂ ಎತ್ತಿಗೆ ಯಾರರ ತರಬೇತಿ ಕೊಡ್ತಾರೇನ್ರಿ? ನಮಗ ಯಾಕ ಕೊಡಾಕತ್ತಾರ, ವಿಚಾರ ಮಾಡ್ರಿ."

ವಿಚಾರ ಮಾಡಿದೆ. ನನ್ನ ನೇಮಕದ ಆರ್ಡರಿನಲ್ಲಿ 'ತಾತ್ಪೂರ್ತಿಕ' ಎಂಬ ಶಬ್ದವೊಂದಿತ್ತು. ಆ ಬೇಸಿಗೆ ಕಳೆದರೆ ಅದು ಅಳಿದು 'ಕಾಯಂ' ಆಗಬೇಕು. ಇಲ್ಲವಾದರೆ ಏನೋ ಬಲ್ಲವರಾರು. ಹಂಸಭಾವಿಯ ಮನೆತನವೊಂದು ನನಗೆ ಹೆಣ್ಣು ಕೊಡಲು ಒಪ್ಪಿ, ಲಗ್ನವನ್ನು ಮಾತ್ರ ಆ ಶಬ್ದದ ಮೇಲೆ ನಿಲ್ಲಿಸಿತ್ತು. ಹುಡುಗಿಯ ತಂದೆ ನಾನು ಎದುರಾದಾಗಲೆಲ್ಲ ನನ್ನ ಆರೋಗ್ಯ ಕೇಳುವ ಬದಲು ಆರ್ಡರಿನ ಆರೋಗ್ಯ ಕೇಳುತ್ತಿದ್ದರು. ಈ ಶಿಬಿರವೆಂದರೆ ಜೊಳ್ಳು ತೂರುವ ಕೆಲಸ, ಜೊಳ್ಳು ಯಾರೆಂದು ಪ್ರಿನ್ಸಿಪಾಲರು ಆಗಲೇ ಆರಿಸಿ ಕಳಿಸಿದ್ದಾರೆ ಎಂದು ನಾನೂ ಹಿರೇಮಠ ಸರ್ ಅವರೂ ಬಸ್ಸಿನಲ್ಲೇ ಠರಾಯಿಸಿದೆವು.

ಸವಣೂರು ಮುಟ್ಟಿದರೆ ಅಲ್ಲಿ ಎಲ್ಲರದೂ ಅದೇ ಮುಖ. ಚಹದ ಜೊತೆ ಖಾರಾ ಕೊಟ್ಟರು. ಇಷ್ಟು ಉಪಚಾರ ಯಾಕೆಂದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತ ತಿಂದೆವು. ಶಿಬಿರ ನಡೆಸಲು ಧಾರವಾಡದಿಂದ ಬಂದಿದ್ದ ಮೇಡಂ ಬಹಳ ಸಮಾಧಾನದ ಹೆಣ್ಣುಮಗಳು. ಅವರ ಸಮಾಧಾನವೇ ನಮಗೆ ಹೆಚ್ಚು ಸಂಶಯ ತಂದಿತು. ಕಾಲೇಜಿನಲ್ಲಿ ನಿಮಗಿರುವ ತೊಂದರೆಗಳನ್ನು ಬರೆದುಕೊಡಿ, ಹೆಸರು ಬೇಡ ಎಂದರು ಅವರು. ಹೆಸರಿಲ್ಲದಿದ್ದರೇನು, ಅಕ್ಷರ ಇದೆಯಲ್ಲ ಎಂದು ಹಿರೇಮಠ ಸರ್ ಪಿಸುಗುಟ್ಟಿ ಪೆನ್ನನ್ನು ಎಡಗೈಗೆ ದಾಟಿಸಿದರು. ನಾನೂ ದಾಟಿಸಿದೆ. ನೋಡುತ್ತ ನೋಡುತ್ತ ಹಿರೇಕೆರೂರಿನ ಬೆಂಚಿನವರೂ ಶಿಗ್ಗಾವಿಯ ಬೆಂಚಿನವರೂ ಎಡಗೈಯವರಾದರು. ಹುಟ್ಟಾ ಎಡಚರಾದ ಒಬ್ಬರು ಮಾತ್ರ ಪಾಪ, ಬಲಗೈಯಲ್ಲಿ ಹೆಣಗಾಡುತ್ತಿದ್ದರು. ಆ ಕಾಗದಗಳನ್ನು ಮೇಡಂ ರಾತ್ರಿ ಹೇಗೆ ಓದಿದರೋ ಕಾಣೆ. ಮರುದಿನ ಬೆಳಿಗ್ಗೆ ಬಂದವರೇ, ನಾಲ್ಕು ತಾಲೂಕಿನ ಅಧ್ಯಾಪಕರನ್ನೂ ಸಾಲಾಗಿ ಕರಿಹಲಗೆಯ ಮುಂದೆ ನಿಲ್ಲಿಸಿ ಅಕ್ಷರ ತಿದ್ದಿಸಿದರು. ನಿಜ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎಂ.ಎ. ಪಾಸಾದ ನಾನು ಬಾಯಿ ಮುಚ್ಚಿಕೊಂಡು 'ಅ ಆ ಇ ಈ' ಬರೆದೆ.

ಮಧ್ಯಾಹ್ನ ಮೇಡಂ ಚೀಲದಿಂದ ಟೇಪ್ ರೆಕಾರ್ಡರ್ ಹೊರತೆಗೆದರು. ಒಬ್ಬೊಬ್ಬರೇ ಐದು ನಿಮಿಷ ಪಾಠ ಮಾಡಬೇಕು. ಉಳಿದವರು ವಿದ್ಯಾರ್ಥಿಗಳಾಗಿ ಕೂಡಬೇಕು. ನಿಮ್ಮ ಪಾಠವನ್ನು ಆಮೇಲೆ ನೀವೇ ಕೇಳಿ ತಿದ್ದಿಕೊಳ್ಳಬಹುದು ಎಂದು ವಿವರಿಸಿದರು. ನಾವೇ ಕೇಳಲಿಕ್ಕಾದರೆ ಟೇಪು ಯಾಕೆ ಬೇಕು, ನಮಗೆ ಕಿವಿ ಇಲ್ಲವೇ? ಇದು ಸೀದಾ ಪ್ರಿನ್ಸಿಪಾಲರ ಮೇಜಿಗೆ ಹೋಗುವ ಸಾಕ್ಷಿ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಹಿರೇಮಠ ಸರ್ ತಮ್ಮ ಸರದಿಯಲ್ಲಿ ದೊಡ್ಡ ಯುದ್ಧವೊಂದನ್ನು ಆನೆ ಕುದುರೆಗಳ ಸಹಿತ, ಟೇಪಿಗೆ ಕೇಳದಂಥ ಪಿಸುಮಾತಿನಲ್ಲೇ ಮುಗಿಸಿಬಂದರು.

ನನ್ನ ಸರದಿ ಬಂದಾಗ ನನಗೊಂದು ಯುಕ್ತಿ ಹೊಳೆಯಿತು. ಟೇಪಿನಲ್ಲಿ ನನ್ನ ದನಿಯೇ ಇರದಿದ್ದರೆ ನನ್ನನ್ನು ಹಿಡಿಯುವವರು ಯಾರು? ಗಂಟಲು ಅದಕ್ಕೇ ಕಾಯುತ್ತಿತ್ತು. ಅದರೊಳಗೆ ಪ್ರಿನ್ಸಿಪಾಲರು ಬಂದು ಕೂತೇಬಿಟ್ಟರು. ಒಂದೇ ವಸ್ತುವನ್ನು ಮೇಲಿಂದ ಮೇಲೆ ತಿನ್ನುತ್ತ ಹೋದರೆ ಅದರಿಂದ ಸಿಗುವ ತೃಪ್ತಿ ಇಳಿಯುತ್ತ ಹೋಗುತ್ತದೆ ಎಂಬುದು ನನ್ನ ಪಾಠದ ನಿಯಮ. ಉದಾಹರಣೆಗೆ ಸವಣೂರಿನ ಖಾರಾ ತೆಗೆದುಕೊಂಡೆ. ಮೊದಲ ಮುಷ್ಟಿ ತಿನ್ನಿಸಿದೆ, ನಿಂತೆ, ಇಲ್ಲದ ತಪಕೀರು ಏರಿಸಿದೆ, "ಅಂದ ಮ್ಯಾಲ..." ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕಂತೆಲ್ಲ ನಾನು ತಪಕೀರು ಹೆಚ್ಚು ಮಾಡಿದೆ. ಪ್ರಿನ್ಸಿಪಾಲರನ್ನು ಕಂಡೇ ಇರದ ಮೇಡಂ ಕೂಡ, ಎಂಥ ಜೀವಂತ ಶೈಲಿ ಎಂದು ಮೆಚ್ಚಿದರು.

ಕೊನೆಯ ದಿನದ ಸಮಾರೋಪಕ್ಕೆ ಆ ಭಾಗದ ಹಿರಿಯರೆಂದು ನಮ್ಮ ಪ್ರಿನ್ಸಿಪಾಲರನ್ನೇ ಕರೆಸಿದ್ದರು. ಶಿಬಿರದ ಫಲ ತೋರಿಸಲು ಮೇಡಂ ಟೇಪು ಹಚ್ಚಿದರು. ಯಾವ ಪಾಠವೆಂದು ಬೇರೆ ಹೇಳಬೇಕೆ? ಹಿರೇಮಠ ಸರ್ ತಲೆಯೆತ್ತಿ ಮಾಳಿಗೆಯ ತೊಲೆ ಎಣಿಸತೊಡಗಿದರು. ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಕೇಳುತ್ತ, ರೂಢಿಯಂತೆ ಡಬ್ಬಿ ತೆಗೆದು ಮೂಗಿಗೆ ಚಿಟಿಕೆ ಏರಿಸಿದರು. ಅದೇ ಗಳಿಗೆಗೆ ಟೇಪೂ ಏರಿಸಿತು. ಎರಡು ಮೂಗುಗಳ ಸದ್ದು ಒಂದೇ ಆಯಿತು. ಅವರ ಕಣ್ಣು ತೆರೆಯಿತು. ಮೊನ್ನೆ ಹೊಟ್ಟೆ ಹಿಡಿದು ನಕ್ಕ ಸಭೆಯಲ್ಲಿ ಈಗ ಒಂದು ಕೆಮ್ಮೂ ಇಲ್ಲ. ಆ ನಿಶ್ಶಬ್ದದಲ್ಲಿ ನನ್ನ ಪಾಠವನ್ನು ನಾನೇ ಮೊದಲ ಸಲ ಕೇಳಿದೆ. ಖಾರಾ ಇತ್ತು, ತಪಕೀರಿತ್ತು, "ಅಂದ ಮ್ಯಾಲ" ಬೇಕಾದಷ್ಟಿತ್ತು. ನಿಯಮ ಮಾತ್ರ ಎಲ್ಲಿಯೂ ಇರಲಿಲ್ಲ. ಅದನ್ನು ಹೇಳುವುದನ್ನೇ ನಾನು ಮರೆತಿದ್ದೆ.

ಇದು ಯಾರ ಪಾಠವೆಂದು ಪ್ರಿನ್ಸಿಪಾಲರು ಕೇಳಿದರು. ಮೇಡಂ ಅಭಿಮಾನದಿಂದ ನನ್ನತ್ತ ಕೈಮಾಡಿದರು. ಪ್ರಿನ್ಸಿಪಾಲರು ನನ್ನನ್ನು ಒಮ್ಮೆ ನೋಡಿ, ಮೂಗೊರೆಸಿಕೊಂಡು, ಶಿಕ್ಷಣದ ಮಹತ್ವದ ಬಗ್ಗೆ ಭಾಷಣ ಮಾಡಿ ಕುಳಿತರು. ಬಚಾವಾದೆ ಎನಿಸಿತು. ಅಲ್ಲಿಗೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅವರು ಟೇಪಿನ ಮಾತೇ ಎತ್ತದ್ದರ ಮೇಲೂ ನನಗೆ ಸಂಶಯ. ಚಹದ ಹೊತ್ತಿನಲ್ಲಿ ಅವರ ಮುಂದೆ ನಿಂತು, ನನ್ನದೇ ಬಡಪಾಯಿ ದನಿಯಲ್ಲಿ, ಆರ್ಡರ್ ಈ ಬೇಸಿಗೆಗೆ ಕಾಯಂ ಆಗಬಹುದೇ ಎಂದು ಕೇಳಿದೆ. ಅವರು ಚಹದ ಬಶಿಯನ್ನು ಕೆಳಗಿಟ್ಟು ಡಬ್ಬಿ ತೆರೆದರು.

"ಟೇಪಿನ್ಯಾಗಿನ ದನಿ ನಂದಿತ್ರೀ ಸರ, ಅದು ಎಂದೋ ಕಾಯಂ ಆಗೇತಿ. ಪಾಠ ನಿಮ್ಮದಿತ್ತು. ಅಂದ ಮ್ಯಾಲ... ಅದು ಇನ್ನೊಂದ್ ವರ್ಷ ತಾತ್ಪೂರ್ತಿಕನ ಇರ್ಲಿ."