ಪಿನ್‌ಕೋಡ್ ಸಮೇತ ಪ್ರಾರ್ಥನೆ

ದೇವರು ಎಲ್ಲ ಕಡೆಯೂ ಇದ್ದಾನೆಂದು ನಮ್ಮ ಅತ್ತೆಗೆ ಚಿಕ್ಕಂದಿನಿಂದಲೂ ಗೊತ್ತು. ಆದರೆ ಸಾರಕ್ಕಿ ಸಿಗ್ನಲ್ ದಾಟುವಾಗ ಆತನಿಗೂ ದಾರಿ ತಪ್ಪಬಹುದು ಎಂಬ ಗುಮಾನಿ ಅವರಿಗಿದೆ. ಅಲ್ಲಿಯ ಟ್ರಾಫಿಕ್ ಕಂಡವರು ಇದನ್ನು ಅವಿಶ್ವಾಸ ಎನ್ನಲಾರರು ಬಿಡಿ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾಗಿ, ಈಗ ಸಾರಕ್ಕಿಯ ಒಂದು ಕೆಳಮನೆಯಲ್ಲಿ ಒಬ್ಬರೇ ಇದ್ದಾರೆ. ಚರ್ಚಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಅತ್ತೆಗೆ ಹೇಳುತ್ತಾರೆ. ಅತ್ತೆ ಅದನ್ನು ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆದುಕೊಂಡು, ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿ ತೆರೆದಿಟ್ಟು, ಬೀದಿಗೆಲ್ಲ ಕೇಳುವಂತೆ ಪ್ರಾರ್ಥಿಸುತ್ತಾರೆ. ಅದರಲ್ಲೇನು ವಿಶೇಷ ಅಂತೀರಾ? ಕೇಳಿ:

“ಕರ್ತನೇ, ಪದ್ಮನಾಭನಗರ, ಬಸ್ ಸ್ಟಾಪಿಂದ ಎಡಕ್ಕೆ. ಟ್ಯೂಷನ್ ಬೋರ್ಡ್ ಇರೋ ಮನೆ ಅಲ್ಲ, ಅದರ ಪಕ್ಕದ್ದು. ಎರಡನೇ ಮಹಡಿ. ಪಿನ್‌ಕೋಡು ಐದು ಆರು ಸೊನ್ನೆ ಸೊನ್ನೆ ಏಳು ಸೊನ್ನೆ. ಅಲ್ಲಿರೋ ನಿನ್ನ ಮಗಳಿಗೆ ಮಂಡಿನೋವು. ಎಡಗಾಲು.”

ಕಾಲನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಬಲಗಾಲು ವಾಸಿಯಾಗಿ ಕೂತರೆ ಯಾರು ಜವಾಬ್ದಾರರು? ದೇವರಿಗೂ ಪಿನ್‌ಕೋಡ್ ಬೇಕಾ ಎಂದು ನಾನೊಮ್ಮೆ ಕೇಳಿದ್ದೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿ, ವಿಳಾಸ ಸರಿಯಿಲ್ಲದ ಕಾಗದಗಳ ಗತಿ ಏನಾಗುತ್ತದೆಂದು ತಾನು ಮೂವತ್ತೆರಡು ವರ್ಷ ಕಣ್ಣಾರೆ ಕಂಡವಳು ಎಂದರು.

ನಮ್ಮಲ್ಲಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡಿ, ಉಪ್ಪಿಟ್ಟು ತಿಂದು ಬರುವ ಪದ್ಧತಿಯಿದೆ. ಒಂದು ಸಲ ಬನಶಂಕರಿಯ ಹಿರಿಯರೊಬ್ಬರ ಮನೆಯಲ್ಲಿ ಸೇರಿದ್ದೆವು. ಆ ಯಜಮಾನರು ತಮ್ಮ ಮೂಲವ್ಯಾಧಿಯ ಸಂಗತಿಯನ್ನು ಹೆಂಡತಿಗೆ ಮಾತ್ರ ಹೇಳಿದ್ದರು. ಹೆಂಡತಿ ಅತ್ತೆಗೆ ಮಾತ್ರ ಹೇಳಿದ್ದರು. ಅತ್ತೆ ದೇವರಿಗೆ ಮಾತ್ರ ಹೇಳಿದರು! ಆದರೆ ಆಗ ಅಲ್ಲಿ ಮೂವತ್ತು ಜನ ಕಣ್ಣು ಮುಚ್ಚಿಕೊಂಡು, ಕಿವಿ ತೆರೆದುಕೊಂಡು ಕೂತಿದ್ದರು. ಆಮೆನ್ ಆದದ್ದೇ ತಡ, ಒಬ್ಬರು ಮೂಲಂಗಿ ತಿನ್ನಿ ಎಂದರು, ಇನ್ನೊಬ್ಬರು ಮಜ್ಜಿಗೆ ಕುಡಿಯಿರಿ ಎಂದರು. ಚರ್ಚಿನ ಅಯ್ಯನವರೇ ತಮಗೆ ಗೊತ್ತಿದ್ದ ಡಾಕ್ಟರ ನಂಬರು ಬರೆದುಕೊಟ್ಟರು. ಯಜಮಾನರು ಅವತ್ತು ನಿಂತೇ ಉಪ್ಪಿಟ್ಟು ತಿಂದರು.

ಇನ್ನೊಂದು ಕಥೆ ತಲಘಟ್ಟಪುರದ್ದು. ಅಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿಗಾಗಿ ಅತ್ತೆ ನಾಲ್ಕು ವರ್ಷ ಬಿಡದೆ ಪ್ರಾರ್ಥಿಸಿದರು. ಅವರು ನಡುವೆ ಮನೆ ಖಾಲಿ ಮಾಡಿ ಹೋಗಿದ್ದು ಇವರಿಗೆ ಗೊತ್ತಾಗಲಿಲ್ಲ. ಆ ಮನೆಗೆ ಹೊಸದಾಗಿ ಬಂದವರಿಗೆ ಆಗಲೇ ಇಬ್ಬರು ಮಕ್ಕಳು. ಸಾಕಪ್ಪಾ ಸಾಕು ಎಂದುಕೊಂಡಿದ್ದವರಿಗೆ ಅವಳಿ ಜವಳಿ ಹುಟ್ಟಿದವು! ಅತ್ತೆ ಎರಡು ಜೊತೆ ಉಲ್ಲನ್ ಟೋಪಿ ಹೆಣೆದುಕೊಂಡು, ಎರಡು ಬಸ್ಸು ಬದಲಾಯಿಸಿ ಹೋಗಿ, ತಪ್ಪು ತಮ್ಮದೇ ಎಂದು ಆ ತಾಯಿಯ ಕ್ಷಮೆ ಕೇಳಿ ಬಂದರು. ಆಕೆಗೆ ಯಾರು ಯಾಕೆ ಕ್ಷಮೆ ಕೇಳಿದರೆಂದು ಇವತ್ತಿಗೂ ಗೊತ್ತಾಗಿರಲಿಕ್ಕಿಲ್ಲ.

ಹೀಗೆ ನಗುತ್ತಾ ಇದ್ದವಳು ನಾನು. ಆಮೇಲೆ ನನ್ನ ಗಂಡ ಆಸ್ಪತ್ರೆ ಸೇರಿದರು. ಐದು ವಾರ. ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರು, ವಾರ್ಡ್ ಬದಲಾದರೂ ಬೆಡ್ ಬದಲಾದರೂ ತಕ್ಷಣ ಫೋನ್ ಮಾಡಬೇಕೆಂದು. ನಾನೂ ಮಾಡುತ್ತಿದ್ದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ ನೋಡಿ. ಮೂರನೇ ಮಹಡಿ, ಕಿಟಕಿ ಪಕ್ಕದ ಬೆಡ್ಡು ಎಂದು ಹೇಳಿದರೆ ಏನೋ ಒಂದು ಧೈರ್ಯ. ಒಂದು ಬೆಳಿಗ್ಗೆ ಅವರನ್ನು ಅವಸರವಾಗಿ ಐಸಿಯುಗೆ ಸಾಗಿಸಿದರು. ಆ ಗಾಬರಿಯಲ್ಲಿ ಫೋನ್ ಮಾಡುವುದು ಮರೆತೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಮಣ್ಣು ಮಾಡಿ ಬಂದ ದಿನ ಅತ್ತೆ ಹತ್ತಿರ ಬಂದು ಕೂತರು. ನನ್ನ ಬಾಯಿಗೆ ಏನು ಬಂದಿತ್ತೋ. “ಬೆಡ್ ನಂಬರ್ ತಪ್ಪಾಯ್ತಲ್ಲ ಅತ್ತೆ, ಬೇರೆ ಯಾರನ್ನೋ ವಾಸಿಮಾಡಿ ಹೋಗಿರಬೇಕು ನಿಮ್ಮ ದೇವರು” ಎಂದೆ. ಇನ್ನು ಮುಂದೆ ನನ್ನ ವಿಳಾಸ ಆತನಿಗೆ ಹೇಳಬೇಡಿ ಎಂದೂ ಅಂದೆ. ತಿಂಗಳು ತುಂಬುವುದರೊಳಗೆ ಮನೆ ಬದಲಾಯಿಸಿದೆ. ಹೊಸ ವಿಳಾಸ ಅತ್ತೆಗೂ ಕೊಡಲಿಲ್ಲ, ಚರ್ಚಿಗೂ ಕೊಡಲಿಲ್ಲ. ಫೋನ್ ಬಂದರೆ ಎತ್ತಲಿಲ್ಲ. ಮೂರು ವರ್ಷ ನನ್ನ ಮನೆಯ ಬೆಲ್ಲು ಒತ್ತಿದ್ದು ಗ್ಯಾಸಿನವನು, ಕೊರಿಯರಿನವನು ಅಷ್ಟೇ. ಭಾನುವಾರಗಳು ಬಹಳ ಉದ್ದ ಇರುತ್ತವೆ ಎಂದು ನನಗೆ ಆಗಲೇ ಗೊತ್ತಾದದ್ದು. ಒಳಗೊಳಗೇ ಒಂದು ಮಾತು ಕೊರೆಯುತ್ತಿತ್ತು: ಅವತ್ತು ಒಂದು ಫೋನ್ ಮಾಡಿದ್ದಿದ್ದರೆ?

ಹೋದ ಅವರೆಕಾಯಿ ಕಾಲದಲ್ಲಿ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿದ್ದೆ. ಚೀಲ ಹೊತ್ತು ಬರುವಾಗ ಕಾಲು ತಾನಾಗಿ ಅತ್ತೆಯ ಬೀದಿಗೆ ತಿರುಗಿತು. ಗಂಟೆ ಹನ್ನೊಂದು ದಾಟಿತ್ತು. ಕಿಟಕಿ ತೆರೆದಿತ್ತು. ಅದೇ ಎಡಕ್ಕೆ, ಅದೇ ಬಲಕ್ಕೆ. ಗೇಟಿನ ಹತ್ತಿರ ನಿಂತು ನಗು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಸರದಿ ಬಂತು.

“ಕರ್ತನೇ, ನಮ್ಮಣ್ಣನ ಮಗಳು. ಎಲ್ಲಿದಾಳೋ ನಂಗೆ ಹೇಳಿಲ್ಲ. ಕೇರ್ ಆಫ್ ನಾನು, ಸಾರಕ್ಕಿ, ಐದು ಆರು ಸೊನ್ನೆ ಸೊನ್ನೆ ಏಳು ಎಂಟು. ಅವಳಿಗೆ ಏನೇನ್ ಕೊಡ್ಬೇಕೋ ಇಲ್ಲಿಗೇ ಕಳಿಸು. ನಾನು ಎತ್ತಿಟ್ಟಿರ್ತೀನಿ. ಬಂದಾಗ ಕೊಡ್ತೀನಿ.”

ಒಳಗೆ ಹೋದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. ಎಲ್ಲಿದ್ದೆ, ಯಾಕೆ ಬರಲಿಲ್ಲ, ಒಂದೂ ಕೇಳಲಿಲ್ಲ. ಚೀಲ ಇಸಿದುಕೊಂಡು ಮೊರ ತಂದು ನಡುವೆ ಇಟ್ಟರು. ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತೆವು. ಅರ್ಧ ಚೀಲ ಮುಗಿದಮೇಲೆ ನಾನು ಬಾಯಿಬಿಟ್ಟೆ.

“ಅವತ್ತು ಬೆಡ್ ಬದಲಾಗಿದ್ದನ್ನ ನಾನು ನಿಮಗೆ ಹೇಳ್ಲೇ ಇಲ್ಲ ಅತ್ತೆ.”

“ಅದನ್ನ ಇಷ್ಟು ದಿನ ಹೊತ್ಕೊಂಡು ತಿರುಗ್ತಿದ್ಯಾ?” ಎಂದರು ಅತ್ತೆ. ಕೈ ಸುಲಿಯುತ್ತಲೇ ಇತ್ತು. “ಆತನಿಗೆ ಯಾಕೆ ಬೇಕೇ ನಂಬರು? ಬೇಕಾಗಿದ್ದು ನಂಗೆ. ಒಬ್ಬಳೇ ಇರ್ತೀನಲ್ಲ. ಎಡಕ್ಕೆ, ಬಲಕ್ಕೆ ಅಂತ ಹೇಳ್ತಾ ಹೇಳ್ತಾ ಅಷ್ಟೂ ಜನರ ಮನೆಗೆ ಹೋಗಿ ಬರ್ತೀನಿ. ಅವತ್ತೂ ಬಂದಿದ್ದೆ. ನಾನು ಹಳೇ ಬೆಡ್ ಹತ್ರಾನೇ ಕೂತಿದ್ದೆ. ಆತ ನಿಮ್ಮ ಜೊತೆ ಹೋಗಿದ್ದ.”

ನಾನು ಅತ್ತುಬಿಟ್ಟೆ. ಮೂರು ವರ್ಷದ್ದು ಒಟ್ಟಿಗೇ ಬಂತು. ಅತ್ತೆ ಅವರೆಕಾಯಿಯ ಕೈಯಲ್ಲೇ ನನ್ನ ತಲೆ ಸವರಿದರು. ಆಮೇಲೆ ನೋಟುಬುಕ್ಕು ತಂದು ವಿಳಾಸ ಹೇಳು ಎಂದರು. ಹೇಳಿದೆ. ಯಾವ ಕಡೆ ತಿರುಗಬೇಕು, ಗೇಟಿನ ಬಣ್ಣ ಯಾವುದು, ಎಷ್ಟು ಮೆಟ್ಟಿಲು, ಎಲ್ಲ ಕೇಳಿ ಬರೆದುಕೊಂಡರು. ಹಳೆಯ ಕೇರ್ ಆಫನ್ನು ಮಾತ್ರ ಹೊಡೆದುಹಾಕಲಿಲ್ಲ. ನನ್ನ ಬುದ್ಧಿ ಅವರಿಗೆ ಗೊತ್ತಲ್ಲ!

ಮರುದಿನ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಮೆಟ್ಟಿಲು ಗುಡಿಸಿ, ಬಾಗಿಲು ತೆರೆದಿಟ್ಟು ಕೂತೆ. ಮೂರು ವರ್ಷಗಳಲ್ಲಿ ಮೊದಲ ಸಲ ನನ್ನ ಮನೆಗೆ ಯಾರೋ ಬರುವವರಿದ್ದರು.