ಮಾವ ನಕ್ಕ ಒಂದೇ ಫೋಟೊ

ಮಾವನವರನ್ನು ನಗಿಸಿ ಫೋಟೊ ತೆಗೆದೇ ತೀರುತ್ತೇನೆಂದು ಮಂಡ್ಯದ ಯತೀಶ ಹೆಂಡತಿ ಕವಿತಳ ಮುಂದೆ ಶಪಥ ಮಾಡಿದ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಅವನ ಜಾತಕದಲ್ಲೇ ಇಲ್ಲ, ಏನು ಮಾಡುವುದು!

ಕೆರಗೋಡಿನ ಮಾದಯ್ಯನವರಿಗೆ ಆಧಾರ್ ಕಾರ್ಡಿನಿಂದ ಮದುವೆ ಆಲ್ಬಮ್ಮಿನವರೆಗೆ ಒಂದೇ ಮುಖ: ಯಾರೋ ಗದ್ದೆಗೆ ದನ ಬಿಟ್ಟಿದ್ದಾರೆ ಎನ್ನುವ ಮುಖ. ಅಪ್ಪ ನಗುವ ಒಂದೇ ಒಂದು ಫೋಟೊ ಬೇಕೆಂದು ಕವಿತ ಹನ್ನೆರಡು ವರ್ಷದಿಂದ ಕೇಳುತ್ತಿದ್ದಳು.

ಅದಕ್ಕೆ ಯತೀಶ ಎಲ್ಲಿಂದಲೋ ತಂದದ್ದು ಎಪ್ಪತ್ತು ವರ್ಷ ಹಳೆಯ ಸ್ಟೀರಿಯೊ ಕ್ಯಾಮೆರಾ. ಎರಡು ಲೆನ್ಸು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಜೊತೆಗೆ ಆ ಚಿತ್ರ ಇಣುಕಿ ನೋಡಲು ಎರಡು ಕಿಂಡಿಯ ಒಂದು ಡಬ್ಬಿ.

“ಈ ಡಬ್ಬಿಗೆ ಚಿತ್ರ ಹಾಕಿ ನೋಡುದ್ರೆ ನಿಮ್ಮಪ್ಪ ಎದುರ್ಗೇ ಬಂದು ಕೂತಂಗ್ ಕಾಣ್ತಾರೆ.”

“ಕೆರಗೋಡು ಬಸ್ ಹತ್ತುದ್ರೆ ನಿಜವಾಗ್ಲೂ ಎದುರ್ಗೇ ಕೂತಿರ್ತಾರಲ್ರೀ.”

ಕ್ಯಾಮೆರಾಕ್ಕೆ ಗುಣಗಳು ಇಲ್ಲದಿರಲಿಲ್ಲ. ಬ್ಯಾಟರಿ ಬೇಡ, ಚಾರ್ಜು ಬೇಡ, ಕೈಜಾರಿ ಬಿದ್ದರೆ ನೆಲಕ್ಕೇ ಪೆಟ್ಟು. ಆದರೆ ಬೆಳಕನ್ನು ಅಂದಾಜು ಮಾಡಬೇಕು, ದೂರವನ್ನು ಹೆಜ್ಜೆಯಿಟ್ಟು ಅಳೆಯಬೇಕು. ಒಂದು ಸಲ ಒತ್ತಿದ ಮೇಲೆ ನೆನಪಿಟ್ಟು ರೀಲು ಸುತ್ತಬೇಕು. ಮರೆತರೆ ಒಂದು ಚಿತ್ರದ ಮೇಲೇ ಇನ್ನೊಂದು ಕೂರುತ್ತದೆ. ಯತೀಶನೋ, ಹಾಲಿಗೆ ಹೋಗಿ ಪೇಪರು ತರುವ ಆಸಾಮಿ.

ಕವಿತಳ ತಂಗಿ ದೀಪಿಕಳ ಮದುವೆಯಾಗಿ, ಕೆರಗೋಡಿನಲ್ಲಿ ಬೀಗರೂಟದ ದಿನ ಬಂತು. ಎಲೆಗೆ ಮುದ್ದೆ ಬಿತ್ತು, ಮಟನ್ ಸಾರು ಬಿತ್ತು.

“ಯಾರೂ ಕೈ ಹಾಕ್ಬ್ಯಾಡಿ, ಅಲ್ಲಾಡ್ಬ್ಯಾಡಿ” ಎಂದ ಯತೀಶ.

ಮಂಡ್ಯ ಸೀಮೆಯಲ್ಲಿ ಬಿಸಿ ಮುದ್ದೆಯ ಮುಂದೆ ಕೂತವನಿಗೆ ಹೇಳುವ ಮಾತೇ ಇದು? ಹೊಸ ಬೀಗರು ಚಿಕ್ಕಮಾದು, “ಪೋಟ ಆಮೇಲೂ ಬತ್ತದೆ, ಬಿಸಿ ಸಾರು ಬರಕ್ಕಿಲ್ಲ ಕಣಪ್ಪ” ಎಂದರು. ಮಾದಯ್ಯ ಅಳಿಯನನ್ನು ಸುಡುವಂತೆ ನೋಡಿದರು. ಯತೀಶ ಅದನ್ನೇ ಕ್ಲಿಕ್ಕಿಸಿದ.

ಇನ್ನೊಂದಕ್ಕೆಂದು ಹೆಜ್ಜೆ ಎಣಿಸುತ್ತ ಹಿಂದೆ ಸರಿದ. ಒಂದು, ಎರಡು, ಮೂರನೆಯದು ಸಾರಿನ ಬಕೆಟ್ಟಿನೊಳಗೆ. ಅವನೇ ಎಲ್ಲರನ್ನೂ ಕಾಯಿಸಿ ಕಾಯಿಸಿ ತಣ್ಣಗಾಗಿಸಿದ್ದ ಸಾರು, ಹಾಗಾಗಿ ಕಾಲು ಉಳಿಯಿತು.

ಚಿಕ್ಕಮಾದು ಮೆಲ್ಲಗೆ ಕೇಳಿದರು: “ಬೀಗ್ರೇ, ನಿಮ್ಮಳ್ಳೀಲಿ ಕಾಲ್ ಸೂಪು ಅಂದ್ರೆ ಇದೇಯಾ?”

ಮಾದಯ್ಯ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಕೆಟ್ಟಿನಲ್ಲಿ ನಿಂತೇ ಯತೀಶ ಕ್ಲಿಕ್ಕಿಸಿದ. ಕವಿತಳ ಕಣ್ಣೂ ಒದ್ದೆಯಾಯಿತು.

ರೀಲು ತೊಳೆದು ಚಿತ್ರ ಬರಲು ಒಂದು ತಿಂಗಳು ಹಿಡಿಯಿತು. ಡಬ್ಬಿಯೊಳಗೆ ಇಣುಕಿದ ಕವಿತ ಅದನ್ನು ಗಂಡನ ಕೈಗೇ ವಾಪಸ್ಸು ಕೊಟ್ಟಳು. ಯತೀಶ ನಡುವೆ ರೀಲು ಸುತ್ತಿರಲೇ ಇಲ್ಲ. ಅಪ್ಪನ ಸಿಡುಕು ಮುಖದ ಮೇಲೇ ನಗು ಮುಖ ಕೂತಿತ್ತು.

“ಹನ್ನೆರಡು ವರ್ಷಕ್ಕೆ ಒಂದ್ಸಲ ನಕ್ಕಿದ್ರು ಕಣ್ರೀ” ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಯತೀಶ ಸೋತ ಮುಖ ಹೊತ್ತು, ಹೆಂಡತಿಯೊಂದಿಗೆ ಕೆರಗೋಡಿಗೆ ಹೋಗಿ ಡಬ್ಬಿಯನ್ನು ಮಾವನ ಕೈಗಿಟ್ಟ. “ತಪ್ಪಾಗೋಯ್ತು ಮಾವ. ಒಂದ್ರ ಮೇಲೊಂದು ಬಿದ್ಬುಡ್ತು.”

ಮಾದಯ್ಯ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು.

“ಏನೂ ತಪ್ಪಾಗಿಲ್ಲ ಕಣವ್ವ, ಸರ್ಯಾಗೇ ಬಂದದೆ. ಒಂದು ಮುಖ ಬಯ್ತಾ ಅದೆ, ಒಂದು ಮುಖ ನಗ್ತಾ ಅದೆ. ನಿನ್ ಗಂಡನ್ನ ನೋಡ್ದಾಗ್ಲೆಲ್ಲ ನಂಗೆ ಇಂಗೇ ಆಯ್ತದೆ.”