ಸರಸ್ವತಿಪುರಂನ ಅನಧಿಕೃತ ಬಿಸಿಲು

ಮೈಸೂರಿನಲ್ಲಿ ಸೂರ್ಯ ಪ್ರತಿದಿನ ಉದಯಿಸುತ್ತಾನೆ. ಗೃಹ ಸೌರಶಕ್ತಿ ಪ್ರೋತ್ಸಾಹ ಕಚೇರಿಯು ಈ ಸಂಗತಿಯನ್ನು ಮೂರು ವರ್ಷ ಪರಿಶೀಲಿಸಿ, ಕಳೆದ ಯುಗಾದಿಯ ಹೊತ್ತಿಗೆ ಅನುಮೋದಿಸಿತು. ಅಲ್ಲಿಂದೀಚೆಗೆ ನಮ್ಮ ಸರಸ್ವತಿಪುರಂನಲ್ಲಿ ಬಿಸಿಲು ಅಧಿಕೃತವಾಗಿಯೇ ಬೀಳುತ್ತಿದೆ.

ನಮ್ಮ ಪಕ್ಕದ ಮನೆಯ ಚಲುವಮ್ಮನವರು ತಾರಸಿಯ ಮೇಲೆ ಸೋಲಾರ್ ಹೀಟರ್ ಹಾಕಿಸಿದರು. ಮಗಳು ನಯನಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. ಇಬ್ಬರಿಗೂ ಎಣ್ಣೆ ಹಚ್ಚಿ ಎರೆಯಲು ಹಂಡೆಗಟ್ಟಲೆ ಬಿಸಿನೀರು ಬೇಕು. ಬಚ್ಚಲಿನ ಪುಟ್ಟ ಗೀಸರ್ ಎರಡು ಚೊಂಬಿಗೇ ಸುಸ್ತಾಗುತ್ತಿತ್ತು. ಹೀಟರೇನೋ ಬಂತು, ಆದರೆ ತಪಾಸಣೆ ಆಗುವವರೆಗೆ ಅದರ ನಲ್ಲಿಗೆ ಕಚೇರಿಯ ಅರಗಿನ ಮುದ್ರೆ.

ಪರಿವೀಕ್ಷಕ ವಾಗೀಶ ಅವರು ತಾರಸಿ ಹತ್ತಿದ ಕೂಡಲೇ ಗಾಬರಿಯಾದರು. ಹಳೆ ಪಂಚೆಯ ಮೇಲೆ ಅರಳು ಸಂಡಿಗೆ, ಹಗ್ಗದ ಮೇಲೆ ಕೂಸಿನ ಬಟ್ಟೆ, ಮೊರದ ತುಂಬ ಮೆಣಸಿನಕಾಯಿ.

“ಏನಮ್ಮಾ ಇದು? ಅರ್ಜೀಲಿ ಬಿಸಿಲು ಬೇಕು ಅಂತ ಬರ್ದಿದೀರಿ. ನೋಡಿದ್ರೆ ಆಗ್ಲೇ ಬಳಸ್ಕೊಂಡು ಕೂತಿದೀರಲ್ಲ!”

“ಸಂಡಿಗೆ ಇನ್ನೆಲ್ಲಿ ಒಣಗಾಕ್ಲಿ ಸ್ವಾಮಿ? ನಮ್ಮತ್ತೆ ಕಾಲ್ದಿಂದ್ಲೂ ಇಲ್ಲೇ ಕಣ್ರೀ.”

“ಹಾಗಾದ್ರೆ ಎರಡು ತಲೆಮಾರಿನ ಅನಧಿಕೃತ ಬಳಕೆ” ಎಂದು ವಾಗೀಶರು ಬರೆದುಕೊಂಡರು.

ನಿಯಮ ಏಳು ಸ್ಪಷ್ಟವಾಗಿದೆ: ‘ಒಂದು ಮನೆಗೆ ಒಂದೇ ಸೌರ ಸೌಲಭ್ಯ. ಒಣಗಿಸುವ ಸೌಲಭ್ಯ ಪಡೆಯುತ್ತಿರುವವರು ಕಾಯಿಸುವ ಸೌಲಭ್ಯಕ್ಕೆ ಅರ್ಹರಾಗತಕ್ಕದ್ದಲ್ಲ.’ ಸಂಡಿಗೆಯನ್ನು ಸಾಕ್ಷ್ಯವೆಂದು ಮುಟ್ಟುಗೋಲು ಹಾಕಿಕೊಂಡು ಹೋದರು. ಮೂರು ದಿನದ ಮೇಲೆ ಪತ್ರ ಬಂತು: ಸಾಕ್ಷ್ಯವನ್ನು ಕಾದ ಎಣ್ಣೆಯಲ್ಲಿ ಪರೀಕ್ಷಿಸಲಾಗಿದೆ, ಚೆನ್ನಾಗಿ ಅರಳಿದೆ, ಇನ್ನೂ ಎರಡು ಸೇರು ಮಾದರಿ ಕಳುಹಿಸತಕ್ಕದ್ದು. ಇಷ್ಟು ಶ್ರದ್ಧೆಯ ಕಚೇರಿ ಬೇರೆ ಯಾವ ಊರಿನಲ್ಲಿದೆ? ನನಗಂತೂ ಹೆಮ್ಮೆಯಾಯಿತು.

ಚಲುವಮ್ಮನವರ ಯಜಮಾನರು ಮಹದೇವಯ್ಯ ಕನ್ನಡಕ ಹಾಕಿಕೊಂಡು ನಿಯಮವನ್ನು ಎರಡು ಸಲ ಓದಿದರು.

“ನಾವು ಬಿಸಿಲು ಬಳಸ್ತಿಲ್ಲ ಅಂತ ತೋರಿಸ್ಬೇಕು, ಅಷ್ಟೇ ತಾನೆ? ತೊಟ್ಟಿಲು ಶಾಸ್ತ್ರಕ್ಕೆ ಹೇಳಿರೋ ಶಾಮಿಯಾನ ಇವತ್ತೇ ಕಟ್ಟಿಸ್ಬುಡ್ತೀನಿ.”

ಹೀಟರೂ ಸೇರಿದಂತೆ ಇಡೀ ತಾರಸಿಗೆ ಶಾಮಿಯಾನ ಬಿತ್ತು. ನಾಲ್ಕು ದಿನ ಬಿಟ್ಟು ವಾಗೀಶರು ಬಂದು ಆ ಮಬ್ಬಿನಲ್ಲಿ ಮೊಬೈಲಿನ ಬೆಳಕು ಬಿಟ್ಟುಕೊಂಡು ಮೂಲೆಮೂಲೆ ಹುಡುಕಿದರು. ಒಂದು ಗೆರೆ ಬಿಸಿಲೂ ಸಿಗಲಿಲ್ಲ. ಅವರ ಮುಖ ಅರಳಿತು. ‘ಬಿಸಿಲಿನ ದುರ್ಬಳಕೆ ಶೂನ್ಯ. ಹೀಟರ್ ಇರುವಷ್ಟು ಕಾಲ ಶಾಮಿಯಾನ ತೆಗೆಯತಕ್ಕದ್ದಲ್ಲ’ ಎಂದು ಪ್ರಮಾಣಪತ್ರ ಬರೆದು, ಅರಗು ಒಡೆದು, ತಾವೇ ನಲ್ಲಿ ತಿರುಗಿಸಿದರು.

ಬಚ್ಚಲಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದ ಚಲುವಮ್ಮನವರು ನೀರಿಗೆ ಕೈಯೊಡ್ಡಿ ಬೆಚ್ಚಿ ತಾರಸಿಯತ್ತ ಕೂಗಿದರು.

“ತಣ್ಣಗದೆಯಲ್ಲ ಸ್ವಾಮಿ! ಕೂಸಿಗೆ ಎಣ್ಣೆ ಬೇರೆ ಹಚ್ಚಾಯ್ತು!”

“ನೀರು ಬಂತು ತಾನೆ? ಬಿಸಿ ನಮ್ಮ ವಿಭಾಗಕ್ಕೆ ಬರಲ್ಲ ಕಣಮ್ಮ.”

ಚಲುವಮ್ಮನವರು ಕೂಸನ್ನು ನಯನಾಳ ಕೈಗಿತ್ತು ಹಿತ್ತಲಿಗೆ ನಡೆದರು. ಹೀಟರನ್ನು ಪ್ಯಾಕ್ ಮಾಡಿ ತಂದಿದ್ದ ಮರದ ಹಲಗೆಗಳು ಅಲ್ಲಿ ಒರಗಿದ್ದವು. ಅವನ್ನು ಮುರಿದು ಹಂಡೆಯ ಕೆಳಗೆ ಒಟ್ಟಿ ಉರಿ ಹಾಕಿದರು. ಅರ್ಧ ಗಂಟೆಯಲ್ಲಿ ನೀರು ಕಾಯಿತು. ಕೂಸು ಬೀದಿಗೆಲ್ಲ ಕೇಳುವಂತೆ ಅತ್ತು, ಎರೆಸಿಕೊಂಡು, ಹಾಯಾಗಿ ನಿದ್ದೆಹೋಯಿತು. ಬಾಣಂತಿಯೂ ಮಿಂದಳು. ಕಾಫಿಗೆಂದು ಕೂತಿದ್ದ ವಾಗೀಶರು ಹಂಡೆಯನ್ನೂ ಉರಿಯನ್ನೂ ನೋಡಿ, ‘ಸೋಲಾರ್ ಹೀಟರಿನ ಸಾಮಗ್ರಿಯಿಂದಲೇ ಯಥೇಚ್ಛ ಬಿಸಿನೀರು ಲಭ್ಯ, ಯೋಜನೆ ಸಫಲ’ ಎಂದು ಷರಾ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಚಲುವಮ್ಮನವರು ಸಹಿ ಹಾಕಿದರು.

ಈಗ ನಮ್ಮ ಬೀದಿಯ ಹನ್ನೊಂದು ತಾರಸಿಗಳ ಮೇಲೆ ಶಾಮಿಯಾನವಿದೆ. ನಮ್ಮ ಮನೆಯ ಹೀಟರ್ ನಾಳೆ ಬರುತ್ತದೆ. ಹಲಗೆಗಳು ಸ್ವಲ್ಪ ದಪ್ಪಗಿರಲಿ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ಒಂದು ವಾರದ ಸ್ನಾನಕ್ಕಾದರೂ ಆಗಬೇಕಲ್ಲ.